ಕಡಲಿಲ್ಲದ ಸೀಮೆಯಲ್ಲಿ ನಾಲ್ಕು ದಿನ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ದೀರ್ಘವಾದ ಪತ್ರವೊಂದು ಬಂದಿತು. ಬಹಳ ವರ್ಷಗಳಿಂದ ಹೊರದೇಶದಲ್ಲಿ ನೆಲೆಸಿರುವ ಆಕೆ, ಈ ಬೇಸಗೆಯಲ್ಲಿ ಸಂಸಾರಸಮೇತಳಾಗಿ ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಏಳು ದಿನಗಳ ಬಸ್ ಪ್ರವಾಸ ಮಾಡಿ ಬಂದಿದ್ದಾಳೆ. ಅಟ್ಲಾಂಟಿಕ್ ಸಾಗರಕ್ಕೆ ಎದೆಯೊಡ್ಡಿ 200 ಮೀಟರಿಗೂ ಎತ್ತರಕ್ಕೆ ನಿಂತಿರುವ ಮೊಹೆರ್ ಕಡಿಬಂಡೆಗಳು, ಕಲ್ಲುಬೇಲಿಗಳ ನಡುವಣ ಹಸುರು ಬಯಲು, ಡಿಂಗಲ್ ಎಂಬ ಭೂಶಿರ, ಇವುಗಳ ಚಿತ್ರಗಳನ್ನೂ ಕಳುಹಿಸಿದ್ದಾಳೆ. ಬಸ್ಸಿನಲ್ಲಿ ಒಬ್ಬ ಮಾರ್ಗದರ್ಶಕನಿದ್ದನಂತೆ. ಡಿಂಗಲ್ಲಿನ ತುದಿಯಲ್ಲಿ ಬಸ್ಸನ್ನು ನಿಲ್ಲಿಸಿ, ಕಡಲಿನಾಚೆಗಿನ ದ್ವೀಪವೊಂದನ್ನು ತೋರಿಸಿ, "ಅದು ಗ್ರೇಟ್ ಬ್ಲಾಸ್ಕೆಟ್, 1953ರಲ್ಲಿ ಸರ್ಕಾರವು ಅಲ್ಲಿ ಉಳಿದಿದ್ದ ಕೊನೆಯ ಕೆಲವರನ್ನು ಈಚೆಯ ದಡಕ್ಕೆ ಕರೆತಂದಿತು, ಈಗ ಗೋಡೆಗಳು ಮಾತ್ರ ಇವೆ" ಎಂದನಂತೆ. 1845ರ ನಂತರದ ಆಲೂಗಡ್ಡೆಯ ಕ್ಷಾಮದಲ್ಲಿ ಆ ದೇಶದ ಸುಮಾರು 10 ಲಕ್ಷ ಜನ ಸತ್ತು, ಅಷ್ಟೇ ಜನ ಹಡಗು ಹತ್ತಿದ್ದನ್ನೂ ಹೇಳಿದನಂತೆ.

ಪತ್ರದ ಕೊನೆಯಲ್ಲಿ ಆಕೆ ಬರೆದಿರುವುದು ಇಷ್ಟು: "ಸಾರ್, ಆ ದ್ವೀಪವನ್ನು ನೋಡುತ್ತ ನಿಂತಾಗ ನಮ್ಮ ಶಿರಾ ನೆನಪಾಯಿತು. ನಮ್ಮ ಜೊತೆಯ ಹುಡುಗನೊಬ್ಬ ಅಲ್ಲಿ ನಿಮ್ಮನ್ನು ಒಂದು ಪ್ರಶ್ನೆ ಕೇಳಿದ್ದ. ನಿಮಗೆ ನೆನಪಿದೆಯೇ?"

ನೆನಪಿದೆ. ಆದುದರಿಂದಲೇ ಈ ಬರಹ.

ಅದು 1987ರ ಜನವರಿ. ನಾಡಿನ ಬಯಲುಸೀಮೆಗೆ ಮೇಲಿಂದ ಮೇಲೆ ಬರ ಬಿದ್ದಿದ್ದ ಕಾಲ. ಆ ವರ್ಷ ಮಕ್ಕಳನ್ನು ಬೇಲೂರು ಹಳೇಬೀಡಿಗೆ ಕರೆದೊಯ್ಯುವಷ್ಟು ಹಣ ಕೂಡಲಿಲ್ಲ. ದೂರ ಹೋಗಲಾಗದಿದ್ದರೆ ಹತ್ತಿರವೇ ಸುತ್ತೋಣವೆಂದು ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ, ಹೀಗೆ ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ದಿನಗಳ ಪ್ರವಾಸವನ್ನು ಗೊತ್ತುಮಾಡಿದೆವು. 42 ಮಕ್ಕಳು, ಮೂವರು ಉಪಾಧ್ಯಾಯರು, ಬಾಡಿಗೆಯ ಒಂದು ಮುದಿ ಬಸ್ಸು, ಎರಡು ಮೂಟೆ ರಾಗಿಹಿಟ್ಟು, ಒಂದು ಮೂಟೆ ಅವರೆಕಾಯಿ. ಮಾರ್ಗದರ್ಶಕನ ಪಾತ್ರ ನನ್ನದು. ತಯಾರಿಗೆಂದು ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಿಂದ ಹದಿನಾರು ಪುಟಗಳ ಟಿಪ್ಪಣಿ ಮಾಡಿಕೊಂಡಿದ್ದೆ. ಹೊರಡುವ ದಿನ ಹುಡುಗನೊಬ್ಬ, "ಸಾರ್, ನಮ್ಮೂರನ್ನೇ ನೋಡೋಕೆ ದುಡ್ಡು ಕೊಡಬೇಕಾ?" ಎಂದು ಕೇಳಿದ್ದು ಎಲ್ಲರ ನಗೆಗೆ ಕಾರಣವಾಯಿತು.

ನಮಗಿಂತ ಬಹಳ ಮೊದಲೇ ಇದೇ ಸೀಮೆಯಲ್ಲಿ ಪ್ರವಾಸ ಮಾಡಿದವನೊಬ್ಬನಿದ್ದ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ಕೈಗೆ ಬಂದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಯಾರು ಯಾವ ಕಸುಬು ಮಾಡುತ್ತಾರೆ ಎಂಬುದನ್ನು ತಿಳಿದುಬರಲು ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಕಳುಹಿಸಿದ. (ಈ ವೆಲ್ಲೆಸ್ಲಿ ಹುಟ್ಟಿದ್ದು ಐರ್ಲೆಂಡಿನಲ್ಲಿ! ನನ್ನ ವಿದ್ಯಾರ್ಥಿನಿಗೆ ಇದನ್ನು ತಿಳಿಸಬೇಕು.) 1800ರಲ್ಲಿ ಬುಕಾನನ್ ಮಧುಗಿರಿ, ಶಿರಾಗಳ ಮೂಲಕ ಹಾದುಹೋದ. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅವನು ದೃಶ್ಯಸೌಂದರ್ಯಕ್ಕೆ ಸೋಲುವ ಪೈಕಿಯವನಲ್ಲ. ಬೆಟ್ಟವನ್ನು ಕಂಡರೆ ಅದರ ಬುಡದ ಮಣ್ಣು ಎಂಥದು ಎಂದು ಕೇಳುವವನು. ಅಂಥವರಿಂದ ನಮಗೆ ಉಪಕಾರವೇ ಹೆಚ್ಚು.

ಮೊದಲ ದಿನ ಕೊರಟಗೆರೆ. ಸಿದ್ಧರಬೆಟ್ಟದ ಗುಹೆಯೊಳಗಿನ ಸಿದ್ಧೇಶ್ವರನನ್ನೂ ಬೆಟ್ಟದ ಮೂಲಿಕೆಗಳನ್ನೂ ನೋಡಿಕೊಂಡು ಮಧ್ಯಾಹ್ನಕ್ಕೆ ಚನ್ನರಾಯನದುರ್ಗದ ಬುಡಕ್ಕೆ ಬಂದೆವು. ಕೋಟೆಗಿಂತ ನಾನು ತೋರಿಸಬೇಕೆಂದಿದ್ದುದು ನೆಲದ ಮೇಲಿನ ಕಪ್ಪು ಮರಳು. ಬುಕಾನನ್ ಇದರ ವಿಚಾರವನ್ನು ವಿಸ್ತಾರವಾಗಿ ಬರೆದಿದ್ದಾನೆ. ಮಳೆಗಾಲದಲ್ಲಿ ಬೆಟ್ಟದ ತೊರೆಗಳು ಹೊತ್ತು ತರುವ ಈ ಮರಳನ್ನು ತೊಳೆದು, ಇದ್ದಿಲಿನೊಡನೆ ಕುಲುಮೆಗೆ ಹಾಕಿ, ತಿದಿಯೊತ್ತಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ಜೇಡಿಮಣ್ಣಿನ ಪುಟ್ಟ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿ ಎಲೆಗಳನ್ನೂ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಮತ್ತೆ ಕಾಯಿಸಿದರೆ ಉಕ್ಕು! ಕಡ್ಡಿಯೂ ಎಲೆಯೂ ಉರಿದು ಇಂಗಾಲವಾಗಿ ಕಬ್ಬಿಣದೊಳಗೆ ಸೇರುವುದೇ ಇದರ ಗುಟ್ಟು. ಕಲ್ಲುಕುಟಿಗರ ಉಳಿಗಳೂ ಕತ್ತಿಯ ಅಲಗುಗಳೂ ಇದರಿಂದಲೇ ಆಗುತ್ತಿದ್ದವು. ಸುತ್ತಲಿನ ಕೋಟೆಗಳ ಕಲ್ಲನ್ನು ಕಡಿದದ್ದು ಇಲ್ಲಿನದೇ ಉಳಿಯಾಗಿದ್ದರೆ ಆಶ್ಚರ್ಯವಿಲ್ಲ. ರಸ್ತೆಯ ಬದಿಯಲ್ಲಿ ಹಳದಿ ಹೂ ಬಿಟ್ಟುಕೊಂಡು, ಆಡೂ ಮೂಸದೆ ನಿಂತಿರುವ ತಂಗಡಿಯನ್ನು ನಾವೆಲ್ಲರೂ ದಿನವೂ ಕಾಣುತ್ತೇವೆ. ವಿಜ್ಞಾನದ ಮೇಷ್ಟರು ಅಲ್ಲೇ ನಿಂತು ಇಂಗಾಲದ ಪಾಠವನ್ನು ಮಾಡಿಬಿಟ್ಟರು. ಕುಲುಮೆಯವರ ಮಕ್ಕಳು ಯಾರಾದರೂ ಇದ್ದಾರೆಯೇ ಎಂದು ಹಳ್ಳಿಯಲ್ಲಿ ವಿಚಾರಿಸಿದೆವು. ವೃದ್ಧರೊಬ್ಬರು, "ಇದ್ದರು, ಹೋದರು" ಎಂದರು.

ಎರಡನೆಯ ದಿನ ಮಧುಗಿರಿ. ಇದರ ಹಳೆಯ ಹೆಸರು ಮದ್ದಗಿರಿ. ಕಳೆದುಹೋದ ಕುರಿಯೊಂದು ಮೈಯೆಲ್ಲ ನೀರು ತೊಟ್ಟಿಕ್ಕಿಸಿಕೊಂಡು ಹಿಂದಿರುಗಿತಂತೆ. ಬೆಟ್ಟದ ಮೇಲೆ ಊಟೆಯಿದೆ ಎಂದು ಅದರಿಂದ ತಿಳಿದು ಇಲ್ಲಿನ ಪಾಳೆಯಗಾರರು ಮೊದಲು ಮಣ್ಣಿನ ಕೋಟೆ ಕಟ್ಟಿದರೆಂಬುದು ಐತಿಹ್ಯ. 3930 ಅಡಿ ಎತ್ತರದ ಈ ಏಕಶಿಲಾ ಬೆಟ್ಟವು ಏಷ್ಯಾದಲ್ಲೇ ಎರಡನೆಯ ದೊಡ್ಡದೆಂದು ನಮ್ಮ ಕಡೆ ಎಲ್ಲರೂ ಹೇಳುತ್ತೇವೆ. ಏಷ್ಯಾದ ಬೆಟ್ಟಗಳನ್ನೆಲ್ಲ ಅಳೆದು ಬಂದವರು ಯಾರೆಂದು ಯಾರೂ ಕೇಳುವುದಿಲ್ಲ. ಏರುವವನಿಗೆ ಅಂತೂ ಅದು ಮೊದಲನೆಯದೇ! ವೆಂಕಟರಮಣಸ್ವಾಮಿ ಮತ್ತು ಮಲ್ಲೇಶ್ವರ ದೇವಾಲಯಗಳು ಊರಿನಲ್ಲಿ ಅಕ್ಕಪಕ್ಕದಲ್ಲೇ ಇವೆ. ಎರಡಕ್ಕೂ ಕೈಮುಗಿದು, ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲುಗಳನ್ನು ದಾಟಿ, ಬಂಡೆಯಲ್ಲಿ ಕೊರೆದ ಕಾಲೂರುಗಳನ್ನು ಹಿಡಿದು ಮೇಲೇರಿದೆವು. ಜೇನುಗೂಡುಗಳಿದ್ದುದರಿಂದ ಮಕ್ಕಳು ಮಾತನಾಡಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ. ನನ್ನ ಅಧ್ಯಾಪಕ ಜೀವನದಲ್ಲಿ 42 ಮಕ್ಕಳು ಅಷ್ಟು ಹೊತ್ತು ಮೌನವಾಗಿದ್ದುದು ಅದೊಂದೇ ಸಲ.

ಮೇಲೆ, ಪಾಳುಬಿದ್ದ ಗೋಪಾಲಕೃಷ್ಣ ಗುಡಿಯ ಬಳಿ ಕುಳಿತು ಕೆಳದಿಯ ರಾಣಿ ವೀರಮ್ಮಾಜಿಯ ಕಥೆಯನ್ನು ಹೇಳಿದೆ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು, ರಾಣಿಯನ್ನೂ ಆಕೆಯ ದತ್ತುಪುತ್ರನನ್ನೂ ಸೆರೆಹಿಡಿದು ಮಧುಗಿರಿಗೆ ಕಳುಹಿಸಿದ. ಯೋಚಿಸಿ ನೋಡಿ: ಬಿದನೂರು ಮಲೆನಾಡು. ವರ್ಷದ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ, ಕಾಡು, ಅಡಕೆ, ಮೆಣಸಿನ ಸೀಮೆ. ಅಲ್ಲಿಂದ ಬಂದವಳ ಕಣ್ಣಿಗೆ ಈ ಬೋಳುಬಂಡೆಯೂ ಸುತ್ತಲಿನ ಒಣಬಯಲೂ ಹೇಗೆ ಕಂಡಿದ್ದಾವು? ನಾಲ್ಕು ವರ್ಷ ಕಳೆಯಿತು. 1767ರಲ್ಲಿ ಪೇಶ್ವೆ ಮಾಧವರಾಯನು ಮಧುಗಿರಿಯನ್ನು ಹಿಡಿದು ಅವಳನ್ನು ಬಿಡಿಸಿದ. ಆದರೆ ಬಿಡುಗಡೆಯೆಂದರೆ ಬಿದನೂರಿಗೆ ಹೋಗುವುದಲ್ಲ. ಕರೆದೊಯ್ದದ್ದು ಪುಣೆಯ ಕಡೆಗೆ, ಅವಳು ತೀರಿಕೊಂಡದ್ದು ದಾರಿಯಲ್ಲಿ. ಒಂದು ಕಾಲಕ್ಕೆ ಪಶ್ಚಿಮ ಕರಾವಳಿಯ ಹಲವು ಬಂದರುಗಳನ್ನು ಆಳಿದ ಮನೆತನದ ಕೊನೆಯ ರಾಣಿಯವಳು. ಹುಡುಗಿಯರಲ್ಲಿ ಇಬ್ಬರು ಮೂವರು ಕಣ್ಣೊರೆಸಿಕೊಂಡರು. ಪತ್ರ ಬರೆದವಳೂ ಅವರಲ್ಲಿ ಒಬ್ಬಳಿರಬೇಕು.

ಮಧುಗಿರಿಯ ಒಡೆಯರೇ ಅದಕ್ಕೂ ಮುನ್ನ ಇದೇ ಪಾಡು ಪಟ್ಟಿದ್ದರು. 1678ರಲ್ಲಿ ಚಿಕ್ಕದೇವರಾಜ ಒಡೆಯರು ಕೋಟೆಯನ್ನು ಗೆದ್ದು ರಾಮಗೌಡ, ತಿಮ್ಮಪ್ಪಗೌಡರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಆಮೇಲೆ ಬಿಟ್ಟಾಗ ಅವರಿಗೆ ದೊರೆತದ್ದು ಮಿಡಿಗೇಶಿ. ಮೂರನೆಯ ದಿನ ಪಾವಗಡದ ದಾರಿಯಲ್ಲಿ ಆ ಊರನ್ನೂ ನೋಡಿದೆವು. ಪಾದದವರೆಗೆ ಇಳಿಬೀಳುವ ಕೇಶರಾಶಿಯಿದ್ದ ರಾಣಿಯೊಬ್ಬಳು ಇಲ್ಲಿ ಗಂಡನೊಡನೆ ಸಹಗಮನ ಮಾಡಿದಳೆಂದೂ ಅವಳಿಂದಲೇ ಊರಿಗೆ ಹೆಸರು ಬಂದಿತೆಂದೂ ಹೇಳುತ್ತಾರೆ. ಬಸ್ಸಿನ ಚಕ್ರದ ಗಾಳಿ ಹೋದದ್ದರಿಂದ ಅಲ್ಲಿ ಎರಡು ಗಂಟೆ ಹೆಚ್ಚಾಗಿಯೇ ಕಳೆದೆವು.

ಪಾವಗಡ ಎಂಬ ಹೆಸರಿನಲ್ಲೇ ಕನ್ನಡ ಪಂಡಿತನಿಗೆ ಒಂದು ಪಾಠವಿದೆ. ಹಳಗನ್ನಡದ ಪಕಾರವು ನಡುಗನ್ನಡದಿಂದ ಈಚೆಗೆ ಹಕಾರವಾಗಿದೆ. ಪಾಲು ಹಾಲಾಯಿತು, ಪೂ ಹೂವಾಯಿತು, ಪಾವು ಹಾವಾಯಿತು. ಊರಿನ ಹೆಸರು ಮಾತ್ರ ಹಾವಗಡವಾಗಲಿಲ್ಲ. ನಮ್ಮ ತೆಲುಗು ಬಂಧುಗಳು ಅದು ತಮ್ಮ ಪಾಮು ಎನ್ನುತ್ತಾರೆ. ಮೂರು ಕಡೆಯಿಂದಲೂ ಆಂಧ್ರವೇ ಸುತ್ತಿಕೊಂಡಿರುವ, ಮನೆಮನೆಯಲ್ಲಿ ಎರಡು ನುಡಿಯೂ ನಡೆಯುವ ತಾಲ್ಲೂಕಿನಲ್ಲಿ ಈ ವ್ಯಾಜ್ಯ ತೀರಿಸುವ ಗೋಜಿಗೆ ನಾನು ಹೋಗಲಾರೆ. ಕೋಟೆಗೆ ಅಗೆದಾಗ ಹಾವಿನ ಆಕಾರವಿದ್ದ ಕಲ್ಲು ಸಿಕ್ಕಿತೆಂಬುದು ಸ್ಥಳಪುರಾಣ. ಹೈದರನು ಗೆದ್ದಾಗ ಇಲ್ಲಿನ ನಾಯಕನನ್ನು ಕುಟುಂಬಸಮೇತ ಹಿಡಿದು ಒಯ್ದದ್ದೂ ಮಧುಗಿರಿಗೇ. ಹಿಂದಿನ ದಿನವಷ್ಟೇ ರಾಣಿಯ ಕಥೆ ಕೇಳಿದ್ದ ಮಕ್ಕಳು, "ಮತ್ತೆ ಮಧುಗಿರಿಗೇನಾ ಸಾರ್?" ಎಂದವು.

ಈ ಬೆಟ್ಟಕ್ಕೆ ಇನ್ನೊಂದು ಹಿರಿಮೆಯುಂಟು. 1802ರಲ್ಲಿ ಮದರಾಸಿನಿಂದ ಭೂಮಾಪನ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್, ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಎಳೆದ ರೇಖಾಂಶದ ಅಳತೆಯಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶ ನಿರ್ಣಯಿಸಿದ ಕೆಲವೇ ಠಾಣ್ಯಗಳಲ್ಲಿ ಪಾವಗಡವೂ ಒಂದು. 14 ಡಿಗ್ರಿ 6 ಮಿನಿಟು. ಭೂಮಿಯ ಆಕಾರವನ್ನು ನಿರ್ಧರಿಸುವ ಲೆಕ್ಕದಲ್ಲಿ ನಮ್ಮ ಪಾವಗಡದ ಹೆಸರು ಇಂಗ್ಲಿಷರ ಬಾಯಲ್ಲಿ ತಿರುಚಿಕೊಂಡು ಕುಳಿತಿದೆ.

ಅಂದು ರಾತ್ರಿ ಅಲ್ಲಿಯೇ ತಂಗಿ, ಬೆಳಗ್ಗೆ ನಿಡುಗಲ್ಲಿನತ್ತ ಹೋದೆವು. ಕನ್ನಡ ಶಾಸನಗಳಲ್ಲಿ ಹೆಸರಾದ ನಿಡುಗಲ್ ಚೋಳರ ರಾಜಧಾನಿಯದು. ಹೊತ್ತಾದ್ದರಿಂದ ಬೆಟ್ಟ ಹತ್ತಲಾಗಲಿಲ್ಲ. ಕೆಳಗಿನಿಂದಲೇ ತೋರಿಸಿ ಮುಂದೆ ಸಾಗಿದ್ದು ಇಂದಿಗೂ ನನಗೆ ಸಮಾಧಾನವಿಲ್ಲದ ಸಂಗತಿ.

ಮಧ್ಯಾಹ್ನ ಮೂರರ ಸುಮಾರಿಗೆ ಶಿರಾ.

ಇಂದು ಪುಣೆಯ ಹೆದ್ದಾರಿಯಲ್ಲಿ ಊಟಕ್ಕೆ ನಿಲ್ಲುವವರಿಗೆ ಇದೊಂದು ರಾಜಧಾನಿಯಾಗಿತ್ತೆಂದರೆ ನಂಬಿಕೆಯಾಗದು. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕನು ಕೋಟೆಗೆ ಅಡಿಗಲ್ಲಿಟ್ಟ. ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ರಣದುಲ್ಲಾಖಾನನು ಗೆದ್ದುಕೊಂಡ. ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ ಗೋರಿ ಈಗಲೂ ಇದೆ. 1687ರಲ್ಲಿ ಮೊಗಲರು ಬಂದರು. ಖಾಸಿಂಖಾನನ ಕೈಕೆಳಗೆ ಶಿರಾ ಒಂದು ಸುಬಾದ ಕೇಂದ್ರವಾಯಿತು. ಬಸವಾಪಟ್ಟಣ, ಬೂದಿಹಾಳ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳು ಶಿರಾಕ್ಕೆ ಅಧೀನ! 1696ರ ಜುಮ್ಮಾ ಮಸೀದಿ ಆ ವೈಭವದ ಕುರುಹು. ಮುಂದೆ ದಿಲಾವರಖಾನನ ಆಡಳಿತದಲ್ಲಿ ಊರಿಗೆ 50,000 ಮನೆಗಳಿದ್ದವೆಂದು ಹೇಳಿಕೆ. ಉತ್ಪ್ರೇಕ್ಷೆಯಿರಬಹುದು, ಅರ್ಧವೆಂದರೂ ಕಡಮೆಯೇನಲ್ಲ. ಅವನ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದೂ, ಇಲ್ಲಿನ ಖಾನ್‌ಬಾಗ್ ತೋಟವೇ ಲಾಲ್‌ಬಾಗಿಗೆ ಪ್ರೇರಣೆಯೆಂದೂ ಪ್ರತೀತಿ. ಆಮೇಲೆ ಮರಾಠರು, 1761ರಲ್ಲಿ ಹೈದರ್, ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಗೆದ್ದವನೂ ಕೊಳ್ಳೆ ಹೊಡೆದ, ಬಿಟ್ಟುಹೋದವನೂ ಕೊಳ್ಳೆ ಹೊಡೆದ. ಕೊನೆಗೆ, ಶ್ರೀರಂಗಪಟ್ಟಣದ ಮಗ್ಗುಲಲ್ಲಿ ಗಂಜಾಂ ಎಂಬ ಹೊಸ ಪೇಟೆಯನ್ನು ತುಂಬಿಸಲು ಟಿಪ್ಪುವು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ರೈಸ್ ದಾಖಲಿಸಿದ್ದಾರೆ.

ಮಸೀದಿಯ ಮುಂದೆ ಮಕ್ಕಳನ್ನು ಸಾಲಾಗಿ ಕೂರಿಸಿ ಇದನ್ನೆಲ್ಲ ಟಿಪ್ಪಣಿ ನೋಡಿಕೊಂಡು ಒಪ್ಪಿಸುತ್ತಿದ್ದೆ. "12,000" ಎಂದಾಗ, ಇಸವಿಯಂತೆಯೇ ಇದೂ ಪರೀಕ್ಷೆಗೆ ಬರುವ ಅಂಕಿಯೆಂದು ಮಕ್ಕಳು ಬರೆದುಕೊಂಡರು. ಆಗ ಹಿಂದಿನ ಸಾಲಿನಿಂದ ಆ ಹುಡುಗ ಎದ್ದು ನಿಂತ. ಪಾವಗಡದ ಕಡೆಯ ಹಳ್ಳಿಯವನು, ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದ, ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ.

"ಹೋದವರಲ್ಲಿ ಯಾರಾದರೂ ವಾಪಸು ಬಂದರಾ ಸಾರ್?"

ನನ್ನ ಟಿಪ್ಪಣಿಯಲ್ಲಿ ಹೋದವರ ಸಂಖ್ಯೆಯಿತ್ತು, ಬಂದವರ ಮಾತೇ ಇರಲಿಲ್ಲ. "ಪಾಠಕ್ಕೆ ಸಂಬಂಧಿಸಿದ್ದನ್ನು ಕೇಳು, ಕೂತುಕೋ" ಎಂದುಬಿಟ್ಟೆ. ಮಕ್ಕಳು ನಕ್ಕರು. ಅವನು ಕುಳಿತ. ಹೊತ್ತು ಮೀರುತ್ತಿತ್ತು, ಬಸ್ಸಿನವನು ಹಾರನ್ ಬಾರಿಸುತ್ತಿದ್ದ ಎಂಬುದೆಲ್ಲ ಈಗ ನಾನು ನನಗೇ ಹೇಳಿಕೊಳ್ಳುವ ನೆಪಗಳು.

ವಿದ್ಯಾರ್ಥಿನಿಲಯದ ಅಡುಗೆಯವರು ಮುಂದೊಂದು ದಿನ ಹೇಳಿದ ಮೇಲೆ ನನಗೆ ತಿಳಿಯಿತು. ಬರದಿಂದ ಬೆಳೆ ಹೋಗಿ, ಹುಡುಗನ ತಂದೆತಾಯಿ ಚಿಕ್ಕ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಸಂಕ್ರಾಂತಿಗೆ ಬರುತ್ತೇವೆಂದಿದ್ದವರು ಬಂದಿರಲಿಲ್ಲ. ನಾವು ಪ್ರವಾಸ ಹೊರಟದ್ದು ಸಂಕ್ರಾಂತಿ ಕಳೆದ ಮೂರನೆಯ ದಿನ. ಏಪ್ರಿಲಿನಲ್ಲಿ ಪರೀಕ್ಷೆ ಬರೆದು ಅವನೂ ಹೋದ. ಜೂನಿನಲ್ಲಿ ಹಾಜರಿ ಕೂಗುವಾಗ ಅವನ ಹೆಸರಿಗೆ ಉತ್ತರ ಬರಲಿಲ್ಲ. ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಅವನು ಕೇಳಿದ್ದು ಪಾಠಕ್ಕೆ ಸಂಬಂಧಿಸಿದ ಪ್ರಶ್ನೆಯೇ ಆಗಿತ್ತು. ಅಷ್ಟಕ್ಕೂ ನಾಲ್ಕು ದಿನವೂ ನಾನು ಹೇಳಿಕೊಂಡು ಬಂದದ್ದು ಇನ್ನೇನನ್ನು? ಒಯ್ದವರ ಹೆಸರನ್ನೆಲ್ಲ ಹೇಳಿದ್ದೆ, ಇಸವಿಸಮೇತ.

ನಿವೃತ್ತನಾದ ಮೇಲೆ ಆ ದಾರಿಯಲ್ಲಿ ಹಲವು ಸಲ ಹೋಗಿಬಂದಿದ್ದೇನೆ. ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯಲ್ಲಿ ಕೃಷ್ಣಮೃಗಗಳ ಹುಲ್ಲುಗಾವಲನ್ನು 2007ರಲ್ಲಿ ಸಂರಕ್ಷಿತ ಮೀಸಲೆಂದು ಘೋಷಿಸಿ ಜಯಮಂಗಲಿಯ ಹೆಸರಿಟ್ಟಿದ್ದಾರೆ. ಶಿರಾ ಬಳಿಯ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳ ಮೇಲೆ ಗೂಡು ಕಟ್ಟಿ ಮರಿಮಾಡುತ್ತವೆ. ಹಳ್ಳಿಯವರು ಅವುಗಳನ್ನು ಬೆದರಿಸುವುದಿಲ್ಲ. 1987ರಲ್ಲಿ ಇದನ್ನು ತೋರಿಸಲು ಸಾಧ್ಯವಿರಲಿಲ್ಲ, ಅವು ಇಲ್ಲಿಗೆ ಬರತೊಡಗಿದ್ದೇ 1990ರ ದಶಕದಲ್ಲಿ. ಮರಿ ಬೆಳೆದ ಮೇಲೆ ಹಾರಿಹೋಗುತ್ತವೆ, ಮರುವರ್ಷ ಅದೇ ಮರಕ್ಕೆ ಬರುತ್ತವೆ.

ಪಾವಗಡದಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ 13,000 ಎಕರೆಯ ಮೇಲೆ ಈಗ ಸೌರಫಲಕಗಳು ಹರಡಿಕೊಂಡಿವೆ. 2018ರಲ್ಲಿ ಆರಂಭವಾದ ಈ ಸೌರ ಉದ್ಯಾನದ 2,050 ಮೆಗಾವ್ಯಾಟ್ 2019ರ ಕೊನೆಗೆ ಪೂರ್ಣಗೊಂಡಿತು. ಬೆಟ್ಟದ ಮೇಲಿನಿಂದ ನೋಡಿದರೆ ಥಟ್ಟನೆ ನೀಲಿ ಕಡಲೆಂದೇ ಭ್ರಮೆಯಾಗುತ್ತದೆ! ರೈತರಿಂದ ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆಯೂ ಉಂಟು. ಮಳೆಯನ್ನು ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ. ಜಮೀನೇ ಇಲ್ಲದೆ ಕೂಲಿಯನ್ನು ನಂಬಿದ್ದವರಿಗೆ ಗುತ್ತಿಗೆಯ ಹಣವೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಅವರ ಬಸ್ಸು ಇಂದಿಗೂ ಬೆಂಗಳೂರಿನ ಕಡೆಗೇ. ಆ ಬಯಲಿನಲ್ಲಿ ಹುಡುಗನ ಮನೆತನದ ತುಂಡು ಹೊಲವೂ ಇದ್ದಿತೋ ಏನೋ ಎಂದು ಪ್ರತಿಸಲವೂ ಅಂದುಕೊಳ್ಳುತ್ತೇನೆ.

ನಮ್ಮ ಸೀಮೆಗೆ ಕಡಲಿಲ್ಲ, ನೀರು ಮಾತ್ರ ಕಡಲಿಗೆ ಹೋಗುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿಗಳ ಗದ್ದೆತೋಟಗಳಿಗೆ ಉಣಿಸಿ, ಗಡಿ ದಾಟಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಪಿನಾಕಿನಿಯು ಪಾವಗಡದ ನಾಗಲಮಡಿಕೆಯನ್ನು ಮುಟ್ಟಿ, ನೆಲ್ಲೂರನ್ನು ದಾಟಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಹರಿಯುವ ವರ್ಷಗಳಲ್ಲಿ, ಎಂದು ಸೇರಿಸಬೇಕು.

ವಿದ್ಯಾರ್ಥಿನಿಗೆ ಉತ್ತರ ಬರೆದಿದ್ದೇನೆ. ಐರ್ಲೆಂಡಿನ ಮಾರ್ಗದರ್ಶಕನು ಖಾಲಿ ದ್ವೀಪವನ್ನು ತೋರಿಸಲು ಬಸ್ಸನ್ನು ನಿಲ್ಲಿಸಿದನಲ್ಲ, ಅವನು ನನಗಿಂತ ಒಳ್ಳೆಯ ಮೇಷ್ಟರು ಎಂದೂ ತಿಳಿಸಿದ್ದೇನೆ. ಅವಳು ಬರುವ ಡಿಸೆಂಬರಿನಲ್ಲಿ ಊರಿಗೆ ಬರುತ್ತಾಳಂತೆ. ಮಕ್ಕಳಿಗೆ ಈ ನಾಲ್ಕು ಊರುಗಳನ್ನು ತೋರಿಸಬೇಕಂತೆ. ನನ್ನ ಮೊಣಕಾಲು ಒಪ್ಪಿದಷ್ಟು ದೂರ ನಾನೂ ಜೊತೆಗಿರುತ್ತೇನೆ. ನಿಡುಗಲ್ಲಿಗೆ ಈ ಸಲ ಬೆಳಗ್ಗೆಯೇ ಹೋಗಬೇಕು.

1987ರ ಪ್ರವಾಸದಲ್ಲಿದ್ದ ನಿಮ್ಮಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ಚನ್ನರಾಯನದುರ್ಗದ ಬುಡದಲ್ಲಿ ತೆಗೆದ ಗುಂಪುಚಿತ್ರ ನನ್ನ ಬಳಿಯಿದೆ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವನು, ಅಂಗಿಯ ಮೇಲಿನ ಗುಂಡಿಯಿಲ್ಲದೆ ಕೈಯಿಂದ ಕತ್ತುಪಟ್ಟಿ ಹಿಡಿದುಕೊಂಡು ನಿಂತಿದ್ದಾನೆ. ಈಗ ಅವನಿಗೆ ಐವತ್ತು ದಾಟಿರುತ್ತದೆ. ಅವನು ಎಲ್ಲಿದ್ದಾನೆಂದು ನಿಮಗಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ತಿಳಿಸಿ.